ಧ್ರುವ ಪ್ರದೇಶಗಳ ಓಜೋನ್ ಮಾಪನ

ಧ್ರುವ ಪ್ರದೇಶಗಳ ವಾಯುಮಂಡಲದಲ್ಲಿ ಓಜೋನ್ ಎಷ್ಟಿದೆ, ಯಾವ ಎತ್ತರದಲ್ಲಿದೆ, ಋತುಮಾನಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆ ಎಂಬುದನ್ನು ಉಪಗ್ರಹ, ವಿಮಾನ, ಬಲೂನು ಮತ್ತು ನೆಲದ ಮೇಲಿನ ಉಪಕರಣಗಳಿಂದ ಅಳೆಯುವ ಕಾರ್ಯ. ಭೂಮಿಯ ಓಜೋನಿನ ಸುಮಾರು ಶೇ. 90 ಭಾಗ ಸ್ತರಗೋಳದಲ್ಲಿದ್ದು, ಸೂರ್ಯನ ಅತಿನೇರಳೆ ಕಿರಣಗಳಿಂದ ಜೀವಿಗಳನ್ನು ಕಾಯುತ್ತದೆ. ಒಂದು ಸ್ಥಳದ ಮೇಲಿರುವ ಒಟ್ಟು ಓಜೋನನ್ನು ಡಾಬ್ಸನ್ ಮಾನದಲ್ಲಿ ಹೇಳುವುದು ರೂಢಿ. ಅಷ್ಟನ್ನೂ 0 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ, ಸಮುದ್ರಮಟ್ಟದ ಒತ್ತಡಕ್ಕೆ ತಂದಾಗ 3 ಮಿ.ಮೀ. ದಪ್ಪದ ಪದರವಾದರೆ ಅದು 300 ಡಾಬ್ಸನ್ ಮಾನ. ಅಂಟಾರ್ಕ್ಟಿಕದಲ್ಲಿ ಈ ಪ್ರಮಾಣ 220ಕ್ಕಿಂತ ಕೆಳಗಿಳಿದ ಪ್ರದೇಶವನ್ನು ಓಜೋನ್ ರಂಧ್ರ ಎನ್ನುತ್ತಾರೆ.

ರಂಧ್ರದ ಪತ್ತೆ: ಅಂಟಾರ್ಕ್ಟಿಕದ ಹ್ಯಾಲಿ ಕೇಂದ್ರದಲ್ಲಿ 1950ರ ದಶಕದಿಂದ ಓಜೋನನ್ನು ನೆಲದಿಂದಲೇ ಅಳೆಯಲಾಗುತ್ತಿತ್ತು. ಅಲ್ಲಿನ ಅಕ್ಟೋಬರ್ ಸರಾಸರಿ ಸುಮಾರು 300ರಿಂದ 200ರ ಆಸುಪಾಸಿಗೆ ಕುಸಿದುದನ್ನು ಜೋಸೆಫ್ ಫಾರ್ಮನ್, ಬ್ರಯಾನ್ ಗಾರ್ಡಿನರ್ ಮತ್ತು ಜೊನಾಥನ್ ಶ್ಯಾಂಕ್ಲಿನ್ 1985ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಆದರೆ ಒಂದು ಕೇಂದ್ರದ ಅಳತೆಯಿಂದ ಕುಸಿತದ ವಿಸ್ತಾರ ತಿಳಿಯುವಂತಿರಲಿಲ್ಲ.

ಉಪಗ್ರಹಗಳು: 1978ರಲ್ಲಿ ಉಡಾವಣೆಯಾದ ನಿಂಬಸ್-7 ಉಪಗ್ರಹದಲ್ಲಿ 'ಟಾಮ್ಸ್' ಎಂಬ ಉಪಕರಣವಿತ್ತು. ವಾಯುಮಂಡಲದಿಂದ ಚದುರಿ ಮೇಲಕ್ಕೆ ಮರಳುವ ಅತಿನೇರಳೆ ಬೆಳಕಿನಲ್ಲಿ, ಓಜೋನ್ ಹೆಚ್ಚು ಹೀರುವ ಮತ್ತು ಕಡಿಮೆ ಹೀರುವ ತರಂಗಾಂತರಗಳನ್ನು ಹೋಲಿಸಿ ಅದು ಒಟ್ಟು ಓಜೋನನ್ನು ಲೆಕ್ಕಹಾಕುತ್ತಿತ್ತು. 180ಕ್ಕಿಂತ ಕಡಿಮೆ ಬಂದ ಅಳತೆಗಳನ್ನು ಅದರ ತಂತ್ರಾಂಶ ಸಂದೇಹಾಸ್ಪದವೆಂದು ಗುರುತು ಹಾಕುತ್ತಿತ್ತು. ಅವು ನಿಜವಾದ ಅಳತೆಗಳೇ ಎಂಬುದು ಪರಿಶೀಲನೆಯಿಂದ ಖಚಿತವಾಯಿತು. ಕುಸಿತ ಇಡೀ ಖಂಡವನ್ನೇ ಆವರಿಸಿದೆ ಎಂಬುದನ್ನು ನಾಸಾ ವಿಜ್ಞಾನಿಗಳು 1986ರಲ್ಲಿ ಪ್ರಕಟಿಸಿದರು.

ಟಾಮ್ಸ್‌ನ ವಿಧಾನಕ್ಕೆ ಬಿಸಿಲು ಬೇಕು. ತಿಂಗಳುಗಟ್ಟಲೆಯ ಧ್ರುವರಾತ್ರಿಯಲ್ಲಿ ಅದು ನಡೆಯದು. ಈ ಕೊರತೆಯನ್ನು ತುಂಬಿದ್ದು 'ಎಂಎಲ್‌ಎಸ್' ಉಪಕರಣ. ಇದು ವಾಯುಮಂಡಲದ ಅಂಚಿನತ್ತ ನೋಡುತ್ತ, ಅಣುಗಳೇ ಹೊರಸೂಸುವ ಮೈಕ್ರೋವೇವ್ ತರಂಗಗಳನ್ನು ಹಗಲಿರುಳೂ ಗ್ರಹಿಸುತ್ತದೆ. ಓಜೋನ್ ಮತ್ತು ಕ್ಲೋರಿನ್ ಸಂಯುಕ್ತಗಳು ಯಾವ ಎತ್ತರದಲ್ಲಿ ಎಷ್ಟಿವೆ ಎಂಬುದನ್ನೂ ಬೇರೆಬೇರೆಯಾಗಿ ತಿಳಿಸುತ್ತದೆ. 1991ರ ಯುಎಆರ್‌ಎಸ್ ಮತ್ತು 2004ರ ಆರಾ ಉಪಗ್ರಹಗಳು ಇದನ್ನು ಹೊತ್ತೊಯ್ದವು.

ವಿಮಾನಗಳು: ಓಜೋನ್ ಕ್ಷೀಣಿಸಿದ್ದನ್ನು ಉಪಗ್ರಹ ತೋರಿಸಿತು, ಅದಕ್ಕೆ ಕಾರಣವೇನೆಂದು ತಿಳಿಯಲು ಅಲ್ಲಿಯ ಗಾಳಿಯನ್ನೇ ಪರೀಕ್ಷಿಸಬೇಕಿತ್ತು. 1987ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಚಿಲಿಯ ಪುಂಟಾ ಅರೆನಾಸ್‌ನಿಂದ ನಾಸಾದ ಎರಡು ವಿಮಾನಗಳು ದಕ್ಷಿಣಕ್ಕೆ ಹಾರಿದವು. ಡಿಸಿ-8 ವಿಮಾನ ಲೇಸರ್ ಕಿರಣಗಳನ್ನು ಮೇಲಕ್ಕೆ ಹಾಯಿಸಿ ತನ್ನ ಮೇಲಿನ ಓಜೋನನ್ನು ಅಳೆಯಿತು. ಒಬ್ಬನೇ ಪೈಲಟ್ ನಡೆಸುವ ಇಆರ್-2 ವಿಮಾನ ಸುಮಾರು 18 ಕಿ.ಮೀ. ಎತ್ತರದಲ್ಲಿ ಧ್ರುವ ಸುಳಿಯೊಳಕ್ಕೇ (ಚಳಿಗಾಲದಲ್ಲಿ ಧ್ರುವದ ಸುತ್ತ ಸುತ್ತುವ ತಣ್ಣನೆಯ ಗಾಳಿಯೊಳಕ್ಕೆ) ನುಗ್ಗಿತು. ಅದರ ಉಪಕರಣ ಹೊರಗಿನ ಗಾಳಿಯನ್ನು ಒಳಗೆಳೆದುಕೊಂಡು, ಪಾದರಸ ದೀಪದ 254 ನ್ಯಾನೋಮೀಟರ್ ಬೆಳಕನ್ನು ಅದರ ಮೂಲಕ ಹಾಯಿಸುತ್ತಿತ್ತು. ಓಜೋನ್ ತೆಗೆದ ಗಾಳಿಗಿಂತ ಈ ಗಾಳಿ ಎಷ್ಟು ಹೆಚ್ಚು ಬೆಳಕನ್ನು ಹೀರಿತು ಎಂಬುದರಿಂದ ಓಜೋನ್ ಪ್ರಮಾಣ ಸಿಗುತ್ತಿತ್ತು. ಹಾರ್ವರ್ಡ್‌ನ ಜೇಮ್ಸ್ ಆ್ಯಂಡರ್ಸನ್ ತಂಡದ ಉಪಕರಣ ಜೊತೆಜೊತೆಗೇ, ಕ್ಲೋರಿನ್ ಓಜೋನನ್ನು ನಾಶಮಾಡುವಾಗ ಹುಟ್ಟುವ ಕ್ಲೋರಿನ್ ಮಾನಾಕ್ಸೈಡನ್ನು ಅಳೆಯುತ್ತಿತ್ತು.

ಆಗಸ್ಟ್ ಕೊನೆಯ ಹೊತ್ತಿಗೆ ಸುಳಿಯೊಳಗೆ ಕ್ಲೋರಿನ್ ಮಾನಾಕ್ಸೈಡ್ ಏರಿತ್ತಾದರೂ ಓಜೋನ್ ಇನ್ನೂ ಅಷ್ಟಾಗಿ ಇಳಿದಿರಲಿಲ್ಲ. ಸೆಪ್ಟೆಂಬರ್ 16ರ ಹಾರಾಟದಲ್ಲಿ ಮೊದಲನೆಯದು ಏರಿದಲ್ಲೆಲ್ಲ ಎರಡನೆಯದು ಕುಸಿದಿತ್ತು. ರೆಫ್ರಿಜರೇಟರ್ ಮೊದಲಾದವುಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳಿಂದ ಬಂದ ಕ್ಲೋರಿನ್, ತೀವ್ರ ಚಳಿಯಲ್ಲಿ ಉಂಟಾಗುವ ಧ್ರುವ ಮೋಡಗಳ ಕಣಗಳ ಮೇಲೆ ಸಕ್ರಿಯವಾಗಿ, ವಸಂತದ ಬಿಸಿಲು ಬಿದ್ದೊಡನೆ ಓಜೋನನ್ನು ನಾಶಮಾಡುತ್ತದೆ ಎಂಬ ವಿವರಣೆಗೆ ಇದು ಬಲವಾದ ಪುರಾವೆಯಾಯಿತು. ಅದೇ ದಿನ, ಸಿಎಫ್‌ಸಿಗಳಿಗೆ ಮಿತಿ ಹಾಕುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. 1990ರ ಲಂಡನ್ ತಿದ್ದುಪಡಿ ಅದನ್ನು ಬಿಗಿಗೊಳಿಸಿತು.

ಆರ್ಕ್ಟಿಕ್: ಉತ್ತರ ಧ್ರುವದ ಸುಳಿ ಸಾಮಾನ್ಯವಾಗಿ ಅಷ್ಟು ತಣ್ಣಗಿರುವುದಿಲ್ಲ, ಬೇಗ ಚದುರುತ್ತದೆ, ಆದ್ದರಿಂದ ನಷ್ಟವೂ ಕಡಿಮೆ. 1989ರಲ್ಲಿ ನಾರ್ವೆಯ ಸ್ಟಾವಾಂಗರ್‌ನಿಂದ, 1999–2000ರಲ್ಲಿ ಸ್ವೀಡನ್ನಿನ ಕಿರುನಾದಿಂದ ಇಂಥದೇ ಹಾರಾಟಗಳು ನಡೆದವು. ಚಳಿ ದೀರ್ಘವಾಗಿದ್ದ 2011 ಮತ್ತು 2020ರ ವಸಂತಗಳಲ್ಲಿ ಅಲ್ಲಿಯೂ ಅಸಾಮಾನ್ಯ ಕುಸಿತ ಕಂಡುಬಂತು.

ಇಂದಿನ ಸ್ಥಿತಿ: 2005ರಿಂದ 2016ರವರೆಗಿನ ಎಂಎಲ್‌ಎಸ್ ದತ್ತಾಂಶದ ಪ್ರಕಾರ ಅಂಟಾರ್ಕ್ಟಿಕದ ಚಳಿಗಾಲದ ಓಜೋನ್ ನಷ್ಟ ಸುಮಾರು ಶೇ. 20ರಷ್ಟು ಇಳಿದಿದೆ. ಓಜೋನ್ 1980ರ ಮಟ್ಟಕ್ಕೆ ಅಂಟಾರ್ಕ್ಟಿಕದಲ್ಲಿ 2066ರ ಸುಮಾರಿಗೆ, ಆರ್ಕ್ಟಿಕ್‌ನಲ್ಲಿ 2045ರ ಸುಮಾರಿಗೆ ಮರಳಬಹುದೆಂದು 2022ರ ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಈ ಚೇತರಿಕೆ ನಿಜವೇ ಎಂದು ಪ್ರತಿವರ್ಷವೂ ಪರೀಕ್ಷಿಸಲು ಮಾಪನ ಎಡೆಬಿಡದೆ ಮುಂದುವರಿಯಲೇಬೇಕು.