‘ಪುಸ್’ ಪತ್ರಿಕೆಯ ಲೇನಾ ಸ್ವೇಡ್‌ಬೆರಿ

ನಮ್ಮ ತಂದೆಯವರ ಕಾಲದ ಮನೆಗಳಲ್ಲಿ ‘ಕೊರವಂಜಿ’ಯನ್ನು ಓದಿ ನಗದವರು ಕಡಿಮೆ. ಬೆಂಗಳೂರಿನ ವೈದ್ಯರಾದ ಡಾ. ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’ಯವರು, 1942ರಲ್ಲಿ ಆರಂಭಿಸಿದ ಮಾಸಪತ್ರಿಕೆ ಅದು. ಆರ್.ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲೇ ಅದಕ್ಕೆ ಚಿತ್ರ ಬರೆದರು. ಅದೇ ವೃತ್ತಿಯವರಾದ ನಮಗೆ ಇದೊಂದು ಹೆಮ್ಮೆ. ಇಪ್ಪತ್ತೈದು ವರ್ಷ ನಗಿಸಿದ ಕೊರವಂಜಿ 1967ರಲ್ಲಿ ನಿಂತಿತು.

ಮರುವರ್ಷವೇ, 1968ರಲ್ಲಿ, ನಾವು ಬಂದು ನೆಲೆಸಿದ ಈ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಇನ್ನೊಂದು ವ್ಯಂಗ್ಯಪತ್ರಿಕೆ ಹುಟ್ಟಿತು. ಹೆಸರು ‘ಪುಸ್’. ಸ್ವೀಡಿಷ್‌ನಲ್ಲಿ ಮುತ್ತು ಎಂದರ್ಥ. ಹೆಸರು ಮುತ್ತಾದರೂ ಅದರ ಕೆಲಸ ಕಚ್ಚುವುದು! ಅದೇ ವರ್ಷ ಅಮೆರಿಕದಲ್ಲಿ ರಾಬರ್ಟ್ ಕ್ರಂಬ್ ತಮ್ಮ ‘ಜ್ಯಾಪ್’ ಚಿತ್ರಕಥೆಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ ಮಾರಿದರು. ದೊಡ್ಡ ಪ್ರಕಾಶಕರ ಅಪ್ಪಣೆಗೆ ಕಾಯದೆ ತಾವೇ ಬರೆದು ತಾವೇ ಹಂಚುವ ಇಂಥ ಚಿತ್ರಕಥೆಗಳಿಗೆ ‘ಅಂಡರ್‌ಗ್ರೌಂಡ್ ಕಾಮಿಕ್ಸ್’ ಎಂಬ ಹೆಸರು ಬಂತು.

ಪುಸ್ ಬಳಗದಲ್ಲಿ ಲಾರ್ಸ್ ಹಿಲ್ಲರ್ಸ್‌ಬೆರಿ, ಉಲ್ಫ್ ರಾಮ್‌ಬೆರಿ, ಕಾರ್ಲ್ ಯೂಹಾನ್ ದೆ ಯೇರ್ ಮೊದಲಾದವರಿದ್ದರು. ದೆ ಯೇರ್ 1967ರಲ್ಲೇ ಉರಿಯುವ ಸ್ವೀಡಿಷ್ ಬಾವುಟದ ಚಿತ್ರ ಬರೆದು ಪ್ರದರ್ಶಿಸಿದ್ದರು. ಪೊಲೀಸರು ಚಿತ್ರಗಳನ್ನು ಜಪ್ತಿ ಮಾಡಿದರು, ನ್ಯಾಯಾಲಯ ದಂಡ ಹಾಕಿತು. ಕೆಲವೇ ವರ್ಷಗಳಲ್ಲಿ ಬಾವುಟದ ಅವಮಾನವನ್ನು ಅಪರಾಧವೆನ್ನುತ್ತಿದ್ದ ಕಾನೂನೇ ರದ್ದಾಯಿತು.

ಈ ಬಳಗದಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುವವರು ಲೇನಾ ಸ್ವೇಡ್‌ಬೆರಿ. ಹುಟ್ಟಿದ್ದು 1946ರಲ್ಲಿ. ಪುಸ್ ಆರಂಭವಾದಾಗ ಇಪ್ಪತ್ತೆರಡರ ಆಸುಪಾಸು. ವಿಯೆಟ್ನಾಂ ಯುದ್ಧದ ದಿನಗಳವು. ‘ಹೆರ್ ಆಗೇದ್’ ಎಂಬ ಪಾತ್ರವನ್ನು ಸೃಷ್ಟಿಸಿ, ಯುದ್ಧ ಮಾಡಿಸುವವರನ್ನೂ ಹಣವಂತರನ್ನೂ ಮುಲಾಜಿಲ್ಲದೆ ಗೇಲಿ ಮಾಡಿದರು. ಆಕೆಯ ವೃತ್ತಿಜೀವನ ನಾಲ್ಕೈದು ವರ್ಷ ಮಾತ್ರ. 1972ರಲ್ಲಿ, ಮೂವತ್ತೂ ತುಂಬದೆ, ತೀರಿಕೊಂಡರು. ಒಟ್ಟು 24 ಸಂಚಿಕೆ ಕಂಡ ಪುಸ್ 1974ರಲ್ಲಿ ನಿಂತಿತು. ಆಸ್ಪತ್ರೆಯಲ್ಲಿ ಎಳೆಯರ ಸಾವುಗಳನ್ನು ಕಂಡಿರುವ ನಮಗೂ ಈ ಲೆಕ್ಕ ಸಲೀಸಾಗಿ ಮನಸ್ಸಿಗಿಳಿಯುವುದಿಲ್ಲ.

ರಾಶಿಯವರದು ಮನೆಮಂದಿಯೆಲ್ಲ ಕೂಡಿ ನಗುವ ಹಾಸ್ಯ. ಪುಸ್‌ನದು ಒರಟು, ಎಷ್ಟೋ ಕಡೆ ಅಸಭ್ಯ. ಮಕ್ಕಳ ಕೈಗೆ ಕೊಡಿರೆಂದು ನಾವು ಹೇಳಲಾರೆವು. ಆದರೆ ಒಂದು ಮಾತು. ಪರದೇಶಕ್ಕೆ ಬಂದ ನಾವು ತಲೆ ತಗ್ಗಿಸಿ ನಡೆಯುವುದನ್ನು ಬೇಗ ಕಲಿತೆವು. ‘ನಮಗ್ಯಾಕೆ ಊರ ಉಸಾಬರಿ’ ಎಂದು ಮಕ್ಕಳಿಗೂ ಹೇಳಿಕೊಟ್ಟೆವು. ದೊಡ್ಡವರನ್ನು ಹೆದರದೆ ಗೇಲಿ ಮಾಡುವ ಸ್ವಾತಂತ್ರ್ಯ ಈ ದೇಶದಲ್ಲೂ ಪುಕ್ಕಟೆ ಬಂದದ್ದಲ್ಲ. ಅದಕ್ಕಾಗಿ ದಂಡ ತೆತ್ತವರಿದ್ದಾರೆ.

ಮನೆಯಲ್ಲಿ ಮಗನೋ ಮಗಳೋ ನೋಟ್‌ಬುಕ್ಕಿನ ಅಂಚಿನಲ್ಲಿ ಮೇಷ್ಟರ ಮೂಗನ್ನು ಉದ್ದ ಮಾಡಿ ಬರೆದಿದ್ದರೆ ಗದರಿಸುವ ಮುನ್ನ ಒಮ್ಮೆ ನಕ್ಕುಬಿಡಿ. ಚಿತ್ರ ಚೆನ್ನಾಗಿದ್ದರೆ ಮುಂದಿನ ಸಂಚಿಕೆಗೆ ಕಳಿಸಿ. ಜೆರಾಕ್ಸ್ ಯಂತ್ರ ನಮ್ಮ ಬಳಿಯೂ ಇದೆ!