ಚೀನದ ಅಡಿಗೆಯೂ ಕನ್ನಡನಾಡಿನ ಒಲೆಯೂ

ಮರುಳಸಿದ್ಧೇಶ್ವರನ ಸನ್ನಿಧಿಯಿಂದ ಪಾವನವೆನಿಸಿ, ಪಂಚಪೀಠಗಳಲ್ಲೊಂದೆಂದು ಖ್ಯಾತಿವೆತ್ತ ಉಜ್ಜಿನಿಯ ಸೀಮೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಪುಡಿ, ಸಂಜೆಗೆ ಮಂಡಕ್ಕಿ ಮೆಣಸಿನಕಾಯಿ, ಇವೇ ಬಹುಕಾಲದಿಂದ ಬಂದ ಆಹಾರಗಳು. ಇಂತಹ ಸೀಮೆಯ ಜಾತ್ರೆಗಳಲ್ಲಿ ಇಂದು ಬೆಂಡು ಬತ್ತಾಸುಗಳ ಮಗ್ಗುಲಲ್ಲಿಯೇ ‘ಗೋಬಿ ಮಂಚೂರಿ’ಯ ಬಾಣಲೆಯೂ ಕುದಿಯುತ್ತಿರುವುದು. ಜಾತ್ರೆಯಲ್ಲಿ ಅದರ ರುಚಿ ಕಂಡ ಮಕ್ಕಳು ಮನೆಯಲ್ಲಿಯೂ ಅದನ್ನೇ ಬೇಡುವರು, ತಾಯಂದಿರು ಮಾಡಿಕೊಡುವರು. ಚೀನದ ಹೆಸರನ್ನು ಹೊತ್ತ ಈ ಭಕ್ಷ್ಯವು ಇಷ್ಟು ದೂರಕ್ಕೆ ಬಂದ ಬಗೆಯು ವಿಚಾರಾರ್ಹವಾದುದು.

ಚೀನದೇಶದ ಪರಿಚಯವು ಭಾರತೀಯರಿಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚೀನಪಟ್ಟದ ಮಾತು ಬಂದಿದೆ. ಕಾಳಿದಾಸನ ಶಾಕುಂತಲದಲ್ಲಿ ಚೀನಾಂಶುಕದ ಪತಾಕೆಯಿದೆ. ಉಜ್ಜಿನಿಗೆ ಬಹುದೂರವಲ್ಲದ ಹಂಪೆಯಲ್ಲಿ ನಡೆದ ಉತ್ಖನನಗಳಲ್ಲಿ ಚೀನದ ಪಿಂಗಾಣಿ ಪಾತ್ರೆಗಳ ಚೂರುಗಳು ದೊರೆತಿವೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು, ಕಲ್ಲಿಕೋಟೆಯ ಧೀರ ನಾವಿಕರನ್ನು ‘ಚೀನದ ಮಕ್ಕಳು’ ಎಂದು ಕರೆಯುತ್ತಿದ್ದರೆಂದು ಬರೆದಿರುವನು. ಹೀಗೆ ಬಟ್ಟೆ ಬಂದಿತು, ಬಟ್ಟಲು ಬಂದಿತು. ಆದರೆ ಬಟ್ಟಲಿನೊಳಗಣ ಅಡಿಗೆಯು ಮಾತ್ರ ಆ ಕಾಲದಲ್ಲಿ ಕನ್ನಡಿಗರ ಒಲೆಯವರೆಗೆ ಬಂದಂತೆ ತೋರದು. ಸರಕು ಹಡಗಿನಲ್ಲಿ ಬರಬಲ್ಲುದು. ರುಚಿಯು ಬರಬೇಕಾದರೆ ಅದನ್ನು ಬಲ್ಲ ಜನರೇ ಬಂದು ನೆಲಸಬೇಕು.

ಆ ಜನರು ಬಂದುದು ಕಲಕತ್ತೆಗೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ವಾರನ್ ಹೇಸ್ಟಿಂಗ್ಸನ ಕಾಲದಲ್ಲಿ, ತಾಂಗ್ ಆಚು ಎಂಬ ಚೀನ ವರ್ತಕನು ಹೂಗ್ಲಿಯ ತೀರದಲ್ಲಿ ನೆಲವನ್ನು ಪಡೆದು ಕಬ್ಬನ್ನು ಬೆಳೆಸಿ ಸಕ್ಕರೆಯ ಕಾರ್ಖಾನೆಯನ್ನು ಹೂಡಿದನು. ಆ ಊರಿಗೆ ಇಂದಿಗೂ ಆಚಿಪುರವೆಂದೇ ಹೆಸರು. ಅವನ ತರುವಾಯ ಬಂದವರಲ್ಲಿ ಬಡಗಿಗಳೂ, ಚರ್ಮ ಹದಮಾಡುವ ಹಕ್ಕಾ ಜನರೂ ಇದ್ದರು. ಇವರ ಭೋಜನಶಾಲೆಗಳಿಗೆ ಬಂಗಾಳಿಗಳೂ ಬರತೊಡಗಲು, ಅಡಿಗೆಗೆ ಹಸಿಮೆಣಸಿನಕಾಯಿ ಹೆಚ್ಚಿತು, ರಸ ಗಟ್ಟಿಯಾಯಿತು. ಹೀಗೆ ಚೀನದ್ದೂ ಅಲ್ಲದ, ಭಾರತದ್ದೂ ಅಲ್ಲದ ಮೂರನೆಯದೊಂದು ಪಾಕವು ಹುಟ್ಟಿತು.

ಈ ಪಾಕವನ್ನು ಕೊಟ್ಟ ಜನರಿಗೆ ದೇಶವು ಸಲ್ಲಿಸಿದ ಪ್ರತಿಫಲವು ಮಾತ್ರ ಸಿಹಿಯಾದುದಲ್ಲ. 1962ರ ಯುದ್ಧಕಾಲದಲ್ಲಿ, ಭಾರತದಲ್ಲಿಯೇ ಹುಟ್ಟಿ ಬೆಳೆದವರನ್ನೂ ಒಳಗೊಂಡಂತೆ ಸುಮಾರು 3,000 ಮಂದಿ ಚೀನ ಮೂಲದವರನ್ನು ವಿಚಾರಣೆಯಿಲ್ಲದೆ ಹಿಡಿದು, ರಾಜಸ್ಥಾನದ ದೇವಳಿಯ ಶಿಬಿರದಲ್ಲಿ ಇರಿಸಲಾಯಿತು. ಮುದುಕರು, ಮಕ್ಕಳೆಂಬ ಭೇದವಿರಲಿಲ್ಲ. ಕೆಲವರಿಗೆ 1967ರವರೆಗೂ ಬಿಡುಗಡೆಯಾಗಲಿಲ್ಲ. ಹಿಂದಿರುಗಿದ ಅನೇಕರಿಗೆ ಮನೆಯೂ ಇಲ್ಲ, ಕಸುಬೂ ಇಲ್ಲ. ಬಹುಮಂದಿ ಪರದೇಶಗಳಿಗೆ ಹೊರಟುಹೋದರು. ಜನರನ್ನು ಶಂಕಿಸಿದ ನಾಡು ಅವರ ಅಡಿಗೆಯನ್ನು ಮಾತ್ರ ಬಿಡದೆ ಉಳಿಸಿಕೊಂಡಿತೆಂಬುದು ಚರಿತ್ರೆಯ ವೈಚಿತ್ರ್ಯವೇ ಸರಿ.

ಕಲಕತ್ತೆಯಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಚೀನ ಮೂಲದ ಪಾಕಶಾಸ್ತ್ರಜ್ಞರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಅತಿಥಿಯೊಬ್ಬರು ಹೊಸತೇನಾದರೂ ಬೇಕೆನ್ನಲು, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಗಳನ್ನು ಹುರಿದು, ಗರಂ ಮಸಾಲೆಗೆ ಬದಲಾಗಿ ಸೋಯಾ ಸಾಸನ್ನು ಹಾಕಿ ಕೋಳಿಯ ಮಂಚೂರಿಯನ್ನು ಮಾಡಿದರೆಂದು ಪ್ರಸಿದ್ಧಿಯಿದೆ. ಮಂಚೂರಿಯವು ಚೀನದ ಈಶಾನ್ಯಭಾಗದ ಪ್ರಾಂತವಾದರೂ ಅಲ್ಲಿ ಈ ಹೆಸರಿನ ಭಕ್ಷ್ಯವಿಲ್ಲ. ಕೋಳಿಯ ಸ್ಥಾನದಲ್ಲಿ ಹೂಕೋಸು ಬಂದ ಮೇಲೆ ಶಾಕಾಹಾರಿಗಳ ಮನೆಗೂ ಇದಕ್ಕೆ ಬಾಗಿಲು ತೆರೆಯಿತು.

ಇನ್ನು ಇದರ ಸಾಮಗ್ರಿಗಳ ಕುಲವನ್ನು ನೋಡಿದರೆ ಮತ್ತಷ್ಟು ವಿನೋದವುಂಟು. ಹೂಕೋಸು ಯೂರೋಪಿನದು, 1822ರಲ್ಲಿ ಸಹಾರನಪುರದ ತೋಟದ ಮೂಲಕ ಭಾರತಕ್ಕೆ ಬಂದಿತು. ಮೆಣಸಿನಕಾಯಿ, ಮೆಕ್ಕೆಜೋಳ, ಶೇಂಗಾ ಮೂರೂ ಅಮೆರಿಕ ಖಂಡದವು. ಅಂಗಡಿಯವರು ಉದುರಿಸುವ ಅಜಿನೊಮೊಟೊ ಚೀನದ್ದೆಂದು ಹಲವರು ನಂಬಿರುವರು; ಅದರ ಸಾರವನ್ನು 1908ರಲ್ಲಿ ಕಡಲಪಾಚಿಯಿಂದ ಬೇರ್ಪಡಿಸಿದವನು ಜಪಾನಿನ ಇಕೆಡ ಎಂಬ ವಿದ್ವಾಂಸನು. ನಿಜವಾಗಿ ಚೀನದ್ದೆನ್ನಬಹುದಾದುದು ಸೋಯಾ ಅವರೆಯನ್ನು ಗೋದಿಯೊಡನೆ ಹುದುಗೆಬ್ಬಿಸಿ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಮಾಗಿಸಿದ ಆ ಕರಿಯ ರಸವೊಂದು. ಇನ್ನೊಂದು, ದೊಡ್ಡ ಉರಿಯಲ್ಲಿ ಕ್ಷಣಮಾತ್ರದಲ್ಲಿ ಬಾಡಿಸುವ ವಿಧಾನ.

ಈ ವಿಧಾನವು ಒಗ್ಗರಣೆಯನ್ನು ಬಲ್ಲ ಗೃಹಿಣಿಗೆ ಅಪರಿಚಿತವಲ್ಲ. ಹೂಕೋಸನ್ನು ಬಿಡಿಸಿ, ಉಪ್ಪು ಅರಿಸಿನ ಬೆರೆಸಿದ ಬಿಸಿನೀರಿನಲ್ಲಿ ಕೊಂಚ ಹೊತ್ತು ಇರಿಸಿದರೆ ಹುಳುಗಳು ಹೊರಬೀಳುವುವು. ನೀರನ್ನು ಬಸಿದು, ಮೈದಾ ಮತ್ತು ಮೆಕ್ಕೆಜೋಳದ ಪಿಷ್ಟದ ಹಿಟ್ಟಿನಲ್ಲಿ ಅದ್ದಿ, ಶೇಂಗಾ ಎಣ್ಣೆಯಲ್ಲಿ ಕರಿಯಬೇಕು. ಬೇರೆ ಬಾಣಲೆಯಲ್ಲಿ ಬೆಳ್ಳುಳ್ಳಿ, ಶುಂಠಿ, ಈರುಳ್ಳಿ, ದೊಣ್ಣೆಮೆಣಸಿನಕಾಯಿಗಳನ್ನು ಹುರಿದು, ಸೋಯಾ ರಸವನ್ನೂ ಹುಳಿಗೆ ತುಸು ವಿನೆಗರನ್ನೂ ಸೇರಿಸಬೇಕು. ರಸದಲ್ಲಿಯೇ ಉಪ್ಪಿರುವುದರಿಂದ ಉಪ್ಪಿನ ಕೈ ಹಿಡಿತದಲ್ಲಿರತಕ್ಕದ್ದು. ನೀರಿನಲ್ಲಿ ಕಲಸಿದ ಪಿಷ್ಟವನ್ನು ಕಡೆಗೆ ಹುಯ್ದರೆ ರಸಕ್ಕೆ ಮಿರುಗು ಬರುವುದು. ಕರಿದ ಹೂಕೋಸನ್ನು ಅದರಲ್ಲಿ ಹೊರಳಿಸಿ ಒಡನೆಯೇ ಬಡಿಸಬೇಕು, ತಡವಾದರೆ ಮೆತ್ತಗಾಗುವುದು. ತಂಗಳನ್ನದಿಂದ ಮಾಡುವ ‘ಫ್ರೈಡ್ ರೈಸ್’ ಕೂಡ ಚಿತ್ರಾನ್ನದ ದೂರದ ದಾಯಾದಿಯೇ. ಎರಡಕ್ಕೂ ಅನ್ನವು ಆರಿ ಉದುರುದುರಾಗಿರಬೇಕು.

ಮನೆಯಲ್ಲಿ ಮಾಡುವುದಕ್ಕೆ ರುಚಿಗಿಂತಲೂ ಗುರುತರವಾದ ಕಾರಣವೊಂದಿದೆ. 2024ರಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಲು, 107ರಲ್ಲಿ ಅಪಾಯಕರವಾದ ಕೃತಕ ಬಣ್ಣಗಳು ಕಂಡುಬಂದುವು. ಆ ವರ್ಷದ ಮಾರ್ಚಿ ತಿಂಗಳಲ್ಲಿ ಇಂತಹ ಬಣ್ಣಗಳ ಬಳಕೆಯನ್ನು ನಿಷೇಧಿಸಲಾಯಿತು. ನಿಷಿದ್ಧವಾದುದು ಬಣ್ಣವೇ ಹೊರತು ಭಕ್ಷ್ಯವಲ್ಲವೆಂಬುದನ್ನು ವಾಚಕರು ಗಮನಿಸತಕ್ಕದ್ದು. ಕೆಂಪಿಗಾಗಿ ರಾಸಾಯನಿಕವನ್ನು ಅರಸಬೇಕಾದ ದಾರಿದ್ರ್ಯವು ಕನ್ನಡನಾಡಿಗೆ ಬಂದಿಲ್ಲ. ನೆರೆಯ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯು ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಲೋಕವಿಖ್ಯಾತವಾಗಿದೆ. ನಾಲ್ಕು ಕಾಯಿಗಳನ್ನು ನೆನೆಯಿಟ್ಟು ಅರೆದು ಬೆರೆಸಿದರೆ ಬೇಕಾದ ಕೆಂಪು ತಾನಾಗಿಯೇ ಬರುವುದು. ಮಕ್ಕಳೂ ನಿರ್ಭಯವಾಗಿ ಉಣ್ಣುವರು.