ಪತ್ರಿಕೆಯ ಪುಟದಲ್ಲಿ ಹುಟ್ಟಿದ ಸಣ್ಣಕಥೆ

ಸಣ್ಣಕಥೆಯ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಪುಸ್ತಕದ ಬೀರುವಿನ ಮುಂದೆ ನಿಲ್ಲುತ್ತಾರೆ. ಆದರೆ ಕನ್ನಡದ ಸಣ್ಣಕಥೆ ಹುಟ್ಟಿದುದು ಪುಸ್ತಕದಲ್ಲಲ್ಲ; ಅಂಚೆಯವನು ತಿಂಗಳಿಗೊಮ್ಮೆ ತಂದುಕೊಡುತ್ತಿದ್ದ ತೆಳುವಾದ ಪತ್ರಿಕೆಗಳಲ್ಲಿ. ಇದನ್ನು ಮರೆತುದರಿಂದ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಆಗಿರುವ ಲೋಪವನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ವಡ್ಡಾರಾಧನೆಯನ್ನೂ ದುರ್ಗಸಿಂಹನ ಪಂಚತಂತ್ರವನ್ನೂ ಪಡೆದ ನುಡಿಗೆ ಕಥೆಯೆಂಬುದು ಹೊಸದಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗರು ಕಲ್ಲಚ್ಚಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ'ದಲ್ಲಿಯೂ ವರ್ತಮಾನಗಳೊಡನೆ ಕಥೆಗಳಿಗೆ ಎಡೆಯಿದ್ದಿತು. ಆದರೆ ನಾವು ಇಂದು ಸಣ್ಣಕಥೆಯೆಂದು ಕರೆಯುವ ರೂಪಕ್ಕಾಗಿ ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ಅದು ಬಂದುದೂ ಮಂಗಳೂರಿನಿಂದಲೇ. ಬೆನಗಲ್ ರಾಮರಾಯರು ನಡೆಸುತ್ತಿದ್ದ 'ಸುವಾಸಿನಿ' ಪತ್ರಿಕೆಯಲ್ಲಿ 1900ರ ಸುಮಾರಿಗೆ ಪಂಜೆ ಮಂಗೇಶರಾಯರು 'ನನ್ನ ಚಿಕ್ಕತಾಯಿ', 'ನನ್ನ ಚಿಕ್ಕತಂದೆ', 'ಕಮಲಪುರದ ಹೊಟ್ಲಿನಲ್ಲಿ' ಮೊದಲಾದ ಕಥೆಗಳನ್ನು ಬರೆದರು. ಹೆಸರುಗಳನ್ನೇ ನೋಡಿರಿ. ರಾಜಕುಮಾರನಿಲ್ಲ, ರಾಕ್ಷಸನಿಲ್ಲ, ಇರುವವರು ಮನೆಯ ಬಂಧುಗಳು, ಇರುವುದು ಊಟದ ಹೊಟ್ಲು. ಪತ್ರಿಕೆಯ ಪುಟಗಳು ಕೆಲವೇ. ಓದುವ ಗೃಹಸ್ಥನ ಬಿಡುವೂ ಸ್ವಲ್ಪವೇ. ಆದುದರಿಂದ ದೀರ್ಘವಾದ ಪೀಠಿಕೆ ಬಿದ್ದುಹೋಯಿತು; ನೆರೆಮನೆಯವನು ಜಗಲಿಯಲ್ಲಿ ಕುಳಿತು ಮಾತಾಡುವ ಧಾಟಿ ಬಂದಿತು. ಸ್ಥಳದ ಅಭಾವವೇ ಒಂದು ಕಲೆಗೆ ಕಾರಣವಾಯಿತೆಂದರೆ ಅತಿಶಯೋಕ್ತಿಯಾಗದು.

ಉತ್ತರದಲ್ಲಿ, ಬಾಗಲಕೋಟೆಯ ವಕೀಲರಾದ ಕೆರೂರು ವಾಸುದೇವಾಚಾರ್ಯರು 'ಶುಭೋದಯ', 'ಸಚಿತ್ರ ಭಾರತ' ಪತ್ರಿಕೆಗಳ ಮೂಲಕ ಇದೇ ಕಾರ್ಯವನ್ನು ಮಾಡಿದರು. 'ಮಲ್ಲೇಶಿಯ ನಲ್ಲೆಯರು' ಅವರ ಹೆಸರಾದ ಕಥೆ. ಮೈಸೂರು ಸೀಮೆಯಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1910ರಲ್ಲಿ 'ರಂಗನ ಮದುವೆ'ಯನ್ನು ಬರೆದರು. 1920ರಲ್ಲಿ 'ಕೆಲವು ಸಣ್ಣ ಕಥೆಗಳು' ಎಂಬ ಅವರ ಸಂಕಲನ ಪುಸ್ತಕರೂಪದಲ್ಲಿ ಪ್ರಕಟವಾಯಿತು.

ಇಲ್ಲಿಯೇ ನಾವು ಹೇಳಬೇಕೆಂದಿರುವ ಲೋಪ ಕಾಣುತ್ತದೆ. ಮಾಸ್ತಿಯವರಿಗೆ 'ಸಣ್ಣಕಥೆಯ ಜನಕ' ಎಂಬ ಬಿರುದು ಸಂದಿತು. ಆ ರೂಪಕ್ಕೆ ಅವರು ತಂದ ಪ್ರೌಢಿಮೆಯನ್ನು ಬಲ್ಲವರು ಈ ಗೌರವವನ್ನು ಅಲ್ಲಗಳೆಯಲಾರರು. ಆದರೆ ಅವರಿಗಿಂತ ಹತ್ತು ವರ್ಷ ಮುಂಚೆ ಬರೆದ ಪಂಜೆಯವರು ಬಹುಕಾಲ ಶಿಶುಗೀತೆಗಳ ಕವಿಯಾಗಿಯೇ ಉಳಿದರು. ಒಮ್ಮೆ 'ಕವಿಶಿಷ್ಯ', ಒಮ್ಮೆ 'ಹರಟೆಮಲ್ಲ' ಎಂದು ಅಂಕಿತ ಹಾಕುತ್ತಿದ್ದ ಆ ಸಂಕೋಚಶೀಲರ ಬರಹಗಳು ಒಟ್ಟಾಗಿ ಸಂಪುಟಗಳಲ್ಲಿ ದೊರೆತುದು, ಅವರು 1937ರಲ್ಲಿ ತೀರಿಕೊಂಡು ದಶಕಗಳು ಕಳೆದ ಮೇಲೆ. ಚರಿತ್ರೆ ಬರೆಯುವವರ ಕೈಗೆ ಪುಸ್ತಕ ಸಿಕ್ಕಿತು, ಪತ್ರಿಕೆ ಸಿಕ್ಕಲಿಲ್ಲ, ಅಷ್ಟೇ ವ್ಯತ್ಯಾಸ.

ಮುಂದೆ 1919ರಲ್ಲಿ ಬೆಂಗಳೂರಿನಿಂದ 'ಪ್ರಬುದ್ಧ ಕರ್ಣಾಟಕ', 1922ರಲ್ಲಿ ಧಾರವಾಡದಿಂದ 'ಜಯ ಕರ್ನಾಟಕ' ಹೊರಟವು. ಮಾಸ್ತಿಯವರೇ 1944ರಿಂದ ಎರಡು ದಶಕ 'ಜೀವನ'ದ ಸಂಪಾದಕರಾಗಿದ್ದು, ಎಷ್ಟೋ ಹೊಸಬರ ಬರಹಗಳಿಗೆ ಎಡೆಗೊಟ್ಟರು. ಸಭೆಯಲ್ಲಿ ನಿಂತು ಮಾತಾಡಲು ಅವಕಾಶವಿಲ್ಲದ ಸ್ತ್ರೀಯರಿಗೂ ಅಂಚೆಯ ಲಕೋಟೆ ದಾರಿಯಾಯಿತು. ಕೊಡಗಿನ ಗೌರಮ್ಮನವರ ಕಥೆಗಳನ್ನು ಕನ್ನಡಿಗರು ಮೊದಲು ಓದಿದುದು ಪತ್ರಿಕೆಗಳಲ್ಲಿಯೇ. 1939ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ, ಅವರು ನೀರಿನಲ್ಲಿ ಮುಳುಗಿ ತೀರಿಕೊಂಡರು. ಆ ಬಳಿಕ 'ಕಂಬನಿ' ಎಂಬ ಹೆಸರಿನಲ್ಲಿ ಆ ಕಥೆಗಳನ್ನು ಕೂಡಿಸಿ ಅಚ್ಚುಹಾಕಿಸುವವರು ಇದ್ದರು; ಆದುದರಿಂದ ಅವರ ಹೆಸರು ನಮಗೆ ಉಳಿಯಿತು. ಅಂತಹ ಆಪ್ತರಿಲ್ಲದ ಲೇಖಕಿಯರ ಗತಿಯೇನು?

ಹಳೆಯ ಪತ್ರಿಕೆಯ ಕಾಗದ ಬಹುಕಾಲ ಬಾಳುವುದಲ್ಲ. ಹಳದಿಗಟ್ಟಿ, ಮುಟ್ಟಿದರೆ ಪುಡಿಯಾಗುತ್ತದೆ. ನಿಮ್ಮ ಮನೆಯ ಅಟ್ಟದ ಮೇಲೆ ಹಿರಿಯರು ಕಟ್ಟಿಟ್ಟ ಸಂಪುಟಗಳಿದ್ದರೆ, ತೂಕಕ್ಕೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿರಿ. ಸಮೀಪದ ಪುಸ್ತಕಭಂಡಾರಕ್ಕೆ ಒಪ್ಪಿಸಿರಿ. ನಮ್ಮ ಸಣ್ಣಕಥೆಯ ಚರಿತ್ರೆಯಲ್ಲಿ ತಿದ್ದಬೇಕಾದ ಇನ್ನೊಂದು ಪುಟ ಅಲ್ಲಿಯೇ ಇರಬಹುದು.